ಹೆಡ್ಲಿ ಹೊಡೆಯದೆ ಬಿಟ್ಟ ಮೂಸ್

ಹೆಡ್ಲಿ ಕೀಪಿಂಗ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನ ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಈ ವಿನ್ನಿ ತನ್ನ ಮೈದುನನ ಗುಣಗಾನ ಮಾಡೋಕೆ ಕೂತಳು ಅಂತ ನೀವು ಅಂದ್ಕೋತೀರಿ. ಒಳ್ಳೆ ಮಾತೂ ಇದಾವೆ, ಅವನ್ನೂ ಹೇಳ್ತೀನಿ. ಆದ್ರೆ ಸಿಟ್ಟು ಸಿಟ್ಟೇ.

ನನ್ನ ಗಂಡ ಸೈಲಸ್‌ನ ಚಿಕ್ಕಪ್ಪನ ಮಗ ಅವನು. ಗಿಡ್ಡ ಆಳು, ಸೊಟ್ಟ ಕಾಲು. ಕೂತು ಟೀ ಕುಡಿದಿದ್ದನ್ನ ನಾನು ನೋಡೇ ಇಲ್ಲ. ಡಬ್ಬಿ ಹಾಲು ಸುರಿದ ಲೋಟ ಹಿಡ್ಕೊಂಡು ಬಾಗಿಲಿಗೆ ಒರಗಿ ನಿಲ್ಲೋದು. "ಕೂತ್ಕೊಳ್ಳೋ" ಅಂದ್ರೆ, "ಕೂತ್ರೆ ಮತ್ತೆ ಏಳ್ಬೇಕಲ್ಲ ಅತ್ತಿಗೆ" ಅಂತಿದ್ದ. ನಮ್ಮೂರು ಸ್ಕಿಫ್ ಕೋವ್‌ನ ಹಿಂದಿರೋ ಫರ್ ಮರದ ಕಾಡು ದಾಟಿದ್ರೆ ದೊಡ್ಡ ಜೌಗು. ಅಲ್ಲಿ ಹೊರಗಿನಿಂದ ಬರೋ ಬೇಟೆಗಾರರಿಗೆ ದಾರಿ ತೋರಿಸೋದು ಅವನ ಕೆಲಸ. ಕ್ಲೈಡ್ ಅನ್ನೋವನ ಬೇಟೆ ಕ್ಯಾಂಪಿತ್ತು ಸರೋವರದ ದಂಡೆಲಿ. ಹೆಡ್ಲಿ ಅಲ್ಲಿ ಗೈಡು, ನಾನು ಅಡುಗೆಯವಳು.

ಅವನು ಮೂಸ್ ಕರೆಯೋದನ್ನ ನೀವು ಕೇಳ್ಬೇಕಿತ್ತು. ಕುದುರೆಗಿಂತ ಎತ್ತರದ ಆ ಕಡವೆ ಸೆಪ್ಟೆಂಬರ್ ಕೊನೆಗೆ ಹೆಣ್ಣು ಹುಡುಕ್ಕೊಂಡು ತಿರುಗುತ್ತೆ. ಹೆಡ್ಲಿ ಮೂಗು ಹಿಡಿದು, ಅಂಗೈ ಬಾಯಿಗಿಟ್ಟು, ಹೆಣ್ಣು ಮೂಸ್ ಥರ ಒಂದು ಉದ್ದ ಕೂಗು ಹಾಕಿದ್ರೆ ಎಲ್ಲಿದ್ದ ಗಂಡೂ ಎದ್ದುಬಿದ್ದು ಓಡಿ ಬರೋದು. "ಗಂಡು ಮೂಸ್‌ಗಳೆಲ್ಲ ಇವನ ಹಿಂದೆ, ಹೆಂಗಸರು ಮಾತ್ರ ಒಬ್ಬರೂ ಇಲ್ಲ" ಅಂತ ಊರಲ್ಲಿ ನಗೋರು. ಮದುವೆ ಆಗ್ಲಿಲ್ಲ ಪಾಪ. ಅವನೂ ನಗ್ತಿದ್ದ. "ನನಗೇನು ಬರುತ್ತೆ? ಕರೆಯೋನು ಅಂದ್ರೆ ಆಲ್ಬನ್. ನಾನು ಅವನ ಎಂಜಲು ತಿಂದೋನು" ಅಂತಿದ್ದ.

ಆಲ್ಬನ್ ಅವನ ಅಣ್ಣ. ಕಡಲಲ್ಲಿ ಕಾಡ್ ಮೀನು ಹಿಡಿಯೋದನ್ನ ಸರ್ಕಾರ ನಿಲ್ಲಿಸಿದ ವರ್ಷ ದೂರದ ಆಂಟೇರಿಯೊ ಪ್ರಾಂತ್ಯಕ್ಕೆ ಹೋಗಿ ಟೈರ್ ಫ್ಯಾಕ್ಟರಿ ಸೇರಿದ, ಜಾಯ್ಸ್ ಅನ್ನೋಳನ್ನ ಮದುವೆ ಆದ, ಅಲ್ಲೇ ಮನೆ ಕಟ್ಟಿದ. ಮೊದಮೊದಲು ಪ್ರತಿ ಬೇಸಿಗೆಗೆ ಬರ್ತಿದ್ದ, ಆಮೇಲೆ ಆಗೊಮ್ಮೆ ಈಗೊಮ್ಮೆ. ಆದ್ರೆ ಹೆಡ್ಲಿ ಮನೆ ಬಾಗಿಲ ಹತ್ರ ಅವನ ರಬ್ಬರ್ ಬೂಟು ಹಾಗೇ ಇತ್ತು. ಬಿರುಕು ಬಿಡದ ಹಾಗೆ ವರ್ಷಕ್ಕೊಮ್ಮೆ ಹೆಡ್ಲಿ ಅದಕ್ಕೆ ಎಣ್ಣೆ ಸವರ್ತಿದ್ದ. ಆಲ್ಬನ್ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ಊರೋರು "ಹೊರಗೆ ಹೋಗಿದಾನೆ" ಅಂತಿದ್ರು, ಅಂಗಡಿಗೆ ಹೋದೋನು ಇನ್ನೇನು ಬರ್ತಾನೆ ಅನ್ನೋ ಹಾಗೆ.

ನನ್ನ ಕಥೆ ಉಲ್ಟಾ. ಸೈಲಸ್ ಆಂಟೇರಿಯೊದಲ್ಲಿ ಕೆಲಸಕ್ಕಿದ್ದಾಗ ನನ್ನ ಕಟ್ಕೊಂಡು ಇಲ್ಲಿಗೆ ತಂದ. ಬಂದವಳು ಇಲ್ಲೇ ಮಕ್ಕಳು ಹೆತ್ತೆ, ಇಲ್ಲೇ ಗಂಡನ್ನ ಮಣ್ಣು ಮಾಡಿದೆ, ಇವರ ಉಪ್ಪುಮೀನು ತಿಂದು ನನ್ನ ನಾಲಿಗೆಯೇ ಬದಲಾಯ್ತು. ಆದ್ರೂ ನಾನು ಈ ಊರಿಗೆ "ಹೊರಗಿನವಳು". ಇಲ್ಲಿ ನೀನು ಎಲ್ಲಿಯವನು ಅಂತ ಕೇಳಿದ್ರೆ ಎಲ್ಲಿ ವಾಸ ಅಂತ ಅರ್ಥ ಅಲ್ಲ, ಯಾರ ಮನೆ ಕುಡಿ ಅಂತ. ಆಲ್ಬನ್ ಸಾಯೋವರೆಗೂ ಸ್ಕಿಫ್ ಕೋವ್‌ನವನೇ, ನಾನು ಸತ್ತ ಮೇಲೂ ಆಂಟೇರಿಯೊದವಳೇ. "ನಾವು ಆಲ್ಬನ್‌ನ ಕೊಟ್ವಿ, ಅವರು ನಿನ್ನ ಕೊಟ್ರು. ಆ ವ್ಯಾಪಾರದಲ್ಲಿ ನಮಗೆ ಟೋಪಿ ಬಿತ್ತು ಅತ್ತಿಗೆ" ಅಂತ ಹೆಡ್ಲಿ ಛೇಡಿಸ್ತಿದ್ದ. "ಹೋಗೋ, ನಿನಗೆ ಅನ್ನ ಹಾಕೋಳು ನಾನೇ" ಅಂತಿದ್ದೆ ನಾನು.

ಈ ತಮಾಷೆನೇ ಆಮೇಲೆ ನಮ್ಮ ಕುತ್ತಿಗೆಗೆ ಬಂತು.

ಮೂಸ್ ಹೊಡೆಯೋಕೆ ಪರ್ಮಿಟ್ ಬೇಕು, ಪರ್ಮಿಟ್‌ಗೆ ಲಾಟರಿ ಎತ್ತುತಾರೆ. ಮೂಸ್ ಕಮ್ಮಿ ಆದ ಹಾಗೆ ಪರ್ಮಿಟ್ಟೂ ಕಮ್ಮಿ ಆಯ್ತು. ಊರಲ್ಲಿ ಹಲವು ಮನೆಗೆ ವರ್ಷಗಟ್ಟಲೆ ಹೆಸರು ಬರ್ಲಿಲ್ಲ. ಆದ್ರೆ ಕ್ಲೈಡ್‌ನ ಕ್ಯಾಂಪಿಗೆ ಅಂತ ಒಂದಿಷ್ಟು ಬೇರೆನೇ ಎತ್ತಿಟ್ಟಿರ್ತಿದ್ರು, ಹೊರಗಿನವರು ದುಡ್ಡು ಕೊಟ್ಟು ಬರಲಿ ಅಂತ. ಅವರು ಬಂದು ಹೊಡೆದು, ಕೊಂಬನ್ನ ಟ್ರಕ್ಕಿನ ಮೇಲೆ ಕಟ್ಕೊಂಡು ನಮ್ಮ ಅಡುಗೆಮನೆ ಕಿಟಕಿ ಮುಂದೇ ಹೋಗೋರು. ಖಾಲಿ ಫ್ರೀಜರ್ ಇಟ್ಕೊಂಡು ಅದನ್ನ ನೋಡ್ಬೇಕು ಅಂದ್ರೆ ಹೊಟ್ಟೆ ಉರಿಯುತ್ತೋ ಇಲ್ವೋ ನೀವೇ ಹೇಳಿ.

ಹೆಡ್ಲಿಗೆ ಇನ್ನೂ ಕಷ್ಟ. ಅವರನ್ನ ಕರ್ಕೊಂಡು ಹೋಗೋನೇ ಅವನು, ಅದೂ ಅವರಪ್ಪ ಗುಡಿಸಲು ಹಾಕಿದ್ದ ಜೌಗಿಗೆ. ಎಲ್ಲರೂ ಅದನ್ನ ಕೀಪಿಂಗ್ ಜೌಗು ಅಂತಾರೆ. ಕೊಂಬಿನವರು ಮಾಂಸದಲ್ಲಿ ಅರ್ಧ ಬಿಟ್ಟು ಹೋಗೋರು. ಹೆಡ್ಲಿ ಅದನ್ನ ಹೊತ್ತು ತಂದು ಊರ ಮುದುಕಿಯರ ಮನೆಮನೆಗೆ ಕೊಡ್ತಿದ್ದ. ಅವರು "ದೇವರು ಒಳ್ಳೇದು ಮಾಡ್ಲಿ ಕಂದಾ" ಅಂದ್ರೆ ಇವನ ಮುಖ ಕಪ್ಪಿಡೋದು. "ನಮ್ಮ ಜೌಗಿನ ಮಾಂಸ, ಪರದೇಶದೋನು ಬೇಡ ಅಂತ ಬಿಟ್ಟಿದ್ದು. ನಮ್ಮೋರಿಗೇ ಭಿಕ್ಷೆ ಹಾಕಿದ ಹಾಗೆ ಕೊಡ್ತಾ ಇದೀನಲ್ಲ ಅತ್ತಿಗೆ" ಅಂತ ಒಂದಿನ ನನ್ನ ಬಾಗಿಲಲ್ಲಿ ನಿಂತು ಹೇಳಿದ.

ಆ ಚಳಿಗಾಲ ಸರ್ಕಾರದ ಮನುಷ್ಯ ಬಂದ, ಹೊರಗಿನವರಿಗೆ ಪರ್ಮಿಟ್ ಇರಲೋ ಬೇಡವೋ ಅಂತ ಊರೋರನ್ನ ಕೇಳೋಕೆ. ಸಭಾಂಗಣ ತುಂಬಿತ್ತು. ಕ್ಲೈಡ್ ಎದ್ದು, "ಆ ಪರ್ಮಿಟ್ ಹೋದ್ರೆ ಕ್ಯಾಂಪ್ ಮುಚ್ಚುತ್ತೆ. ಮೀನು ಹೋಯ್ತು, ಈಗ ಇದೂ ಹೋದ್ರೆ ಏನು, ಮಂಜು ಮಾರ್ಕೊಂಡು ತಿನ್ನೋಣವಾ?" ಅಂದ. ತಪ್ಪು ಮಾತೇನಲ್ಲ. ಆಗ ಹಿಂದಿನ ಗೋಡೆಗೆ ಒರಗಿದ್ದ ಹೆಡ್ಲಿ ಬಾಯಿ ತೆಗೆದ. ಜನ್ಮದಲ್ಲಿ ಸಭೆಲಿ ಮಾತಾಡಿದ ಆಸಾಮಿ ಅಲ್ಲ.

"ನನ್ನ ಕೆಲಸಾನೂ ಹೋಗುತ್ತೆ ಕ್ಲೈಡ್, ಗೊತ್ತು. ಹೋಗ್ಲಿ ಬಿಡು. ನಮ್ಮಪ್ಪನ ಜೌಗಲ್ಲಿ ನನ್ನ ಹೆಸರು ಬರಲ್ಲ, ದುಡ್ಡಿದ್ದೋನ ಹೆಸರು ಬರುತ್ತೆ. ನಮ್ಮೋರಿಗೆ ಸಿಕ್ಕಿ ಮಿಕ್ಕಿದ್ರೆ ತಾನೇ ಬೇರೆಯೋರಿಗೆ?"

ಸರ್ಕಾರದವನು ಪೆನ್ನು ಎತ್ತಿದ. "ಹಾಗಾದ್ರೆ, ಇಲ್ಲಿ ವಾಸ ಇರೋರಿಗೆ ಮಾತ್ರ ಅಂತ ಬರ್ಕೊಳ್ಲಾ?"

"ಬರ್ಕೋ ಮಾರಾಯ!"

ಎಂಥಾ ಚಪ್ಪಾಳೆ ಅಂತೀರಿ! ನನ್ನ ಅಡುಗೆ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ನಾನೂ ಚಪ್ಪಾಳೆ ಹೊಡೆದೆ. ನಮ್ಮೋರು ಅಂದ್ರೆ ಯಾರು, ವಾಸ ಇರೋರು ಅಂದ್ರೆ ಯಾರು ಅಂತ ಆ ಸಭಾಂಗಣದಲ್ಲಿ ಒಬ್ಬರಿಗೂ ಹೊಳೀಲಿಲ್ಲ. ಹೊಳೆಯೋದಾದ್ರೂ ಹೇಗೆ? ಆಲ್ಬನ್ ಕೀಪಿಂಗ್ ಹೊರಗಿನವನು ಅಂತ ಅಲ್ಲಿ ಯಾರಾದ್ರೂ ಬಾಯಿಬಿಟ್ಟಿದ್ರೆ ಹೊರಗೆ ತಳ್ಳಿಬಿಡ್ತಿದ್ರು.

ಮುಂದಿನ ವರ್ಷ ಅಪ್ಪಣೆ ಬಂತು, ನಮ್ಮ ಕಡೆ ಜೌಗಿಗೆ ಹೊರಗಿನವರಿಗೆ ಪರ್ಮಿಟ್ ಇಲ್ಲ ಅಂತ. ಕ್ಲೈಡ್ ಕ್ಯಾಂಪಿನ ಕಿಟಕಿಗಳಿಗೆ ಹಲಗೆ ಹೊಡೆದ. ಹೆಡ್ಲಿ ಹೋಗಿ ಹಲಗೆ ಹಿಡ್ಕೊಂಡ, ಕ್ಲೈಡ್ ಮೊಳೆ ಹೊಡೆದನಂತೆ. ಆದ್ರೆ ಲಾಟರಿಲಿ ನಮ್ಮ ಹೆಸರು ಬಂತು! ಇಬ್ಬರು ಸೇರಿ ಒಂದು ಪರ್ಮಿಟ್ ಕೇಳೋ ಪದ್ಧತಿ ಇದೆ ನಮ್ಮಲ್ಲಿ. ಸೈಲಸ್ ಹೋದ ಮೇಲೆ ಹೆಡ್ಲಿ ನನ್ನ ಹೆಸರು ಸೇರಿಸ್ಕೊಂಡಿದ್ದ. ಬಂದೂಕಿನ ಪರೀಕ್ಷೆ ಪಾಸಾಗಿದ್ರೂ ಒಂದು ಮೊಲಕ್ಕೂ ಗುರಿ ಇಟ್ಟವಳಲ್ಲ ನಾನು. ಆವತ್ತು ಹೆಡ್ಲಿ ನನ್ನ ಅಡುಗೆಮನೆಯಲ್ಲಿ ಕುಣಿದಾಡಿಬಿಟ್ಟ.

ಅದೇ ವಾರ ಜಾಯ್ಸ್ ಫೋನ್ ಮಾಡಿದಳು. ಆಲ್ಬನ್‌ನ ಶ್ವಾಸಕೋಶ ಪೂರ್ತಿ ಕೆಟ್ಟಿದೆ, ಡಾಕ್ಟರು ಕೈ ಚೆಲ್ಲಿದಾರೆ. ಅವನಿಗೆ ಒಂದೇ ಆಸೆ. ಸೆಪ್ಟೆಂಬರಲ್ಲಿ ಬರ್ಬೇಕು, ಅಪ್ಪನ ಜೌಗಲ್ಲಿ ತಮ್ಮನ ಜೊತೆ ಒಂದು ಮೂಸ್ ಹೊಡೀಬೇಕು.

"ಬರ್ಲಿ! ನನ್ನ ಬದಲು ಅವನ ಹೆಸರು ಹಾಕಿಸ್ತೀನಿ" ಅಂತ ಹೆಡ್ಲಿ ಅಲ್ಲೇ ನನ್ನ ಫೋನಿಂದ ಪರ್ಮಿಟ್ ಆಫೀಸಿಗೆ ಮಾಡಿದ. ಆ ಕಡೆ ಹುಡುಗಿ ಮರ್ಯಾದಸ್ಥೆ. ಮಾತೆಲ್ಲ ನನಗೂ ಕೇಳಿಸ್ತಿತ್ತು.

"ನಿಮ್ಮ ಅಣ್ಣ ಎಲ್ಲಿಯವರು ಸಾರ್?"

"ಸ್ಕಿಫ್ ಕೋವ್‌ನೋನು."

"ವಾಸ ಎಲ್ಲಿ?"

"ವಾಸ... ಈಗ ಆಂಟೇರಿಯೊದಲ್ಲಿದಾನೆ. ಆದ್ರೆ ಇಲ್ಲಿಯೋನೇ ಕಣಮ್ಮ, ಆ ಜೌಗು ನಮ್ಮಪ್ಪಂದು."

"ಹಾಗಾದ್ರೆ ಹೊರಗಿನವರು ಸಾರ್. ಹೊರಗಿನವರು ಕ್ಯಾಂಪ್ ಮೂಲಕವೇ ಬರ್ಬೇಕು."

"ಕ್ಯಾಂಪ್ ಮುಚ್ಚಿಹೋಯ್ತು."

"ಹೌದು ಸಾರ್, ನಿಮ್ಮ ಕಡೆ ಹೊರಗಿನವರಿಗೆ ಇಲ್ಲ ಅಂತ ಆಗಿದೆ." ಆಮೇಲೆ ಅಂದಳು, "ನಿಮ್ಮ ಊರೋರೇ ಕೇಳ್ಕೊಂಡಿದ್ದಲ್ವಾ ಸಾರ್?"

ಹೆಡ್ಲಿ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟ. ಆವತ್ತು ಮೊದಲ ಸಲ ನನ್ನ ಮನೇಲಿ ಕುರ್ಚಿ ಎಳ್ಕೊಂಡು ಕೂತ.

ಕ್ಲೈಡ್ ಹತ್ರಾನೂ ಹೋಗಿ ಬಂದ. ಕ್ಲೈಡ್ ಏನು ಮಾಡ್ತಾನೆ? "ಆಲ್ಬನ್‌ಗೆ ಅಂದ್ರೆ ಒಂದು ಪರ್ಮಿಟ್ ಬಿಟ್ಟಿ ಕೊಡ್ತಿದ್ದೆನಲ್ಲೋ ಮಾರಾಯ, ಊಟ ಹಾಸಿಗೆ ಸಮೇತ. ನೀನೇ ಅಲ್ವೇನೋ ಎದ್ದು ನಿಂತು ಹೇಳಿದ್ದು" ಅಂದನಂತೆ. ಹಂಗಿಸೋಕೆ ಹೇಳಿದ್ದಲ್ಲ, ಅವನ ಕಣ್ಣಲ್ಲೂ ನೀರಿತ್ತಂತೆ. ಅದು ಇನ್ನೂ ಕೆಟ್ಟದು.

ಆಲ್ಬನ್‌ಗೆ ವಿಷಯ ಹೇಳಿದ್ವಿ. ಆದ್ರೂ ಬಂದ. ಹಿಂದೆ ಗಾಲಿ ಮೇಲೆ ಆಕ್ಸಿಜನ್ ಸಿಲಿಂಡರ್, ಮೂಗಿಗೆ ಕೊಳವೆ, ಮೈಯಲ್ಲಿ ಚರ್ಮ ಮೂಳೆ ಬಿಟ್ಟು ಏನಿಲ್ಲ. ನನ್ನ ನೋಡಿದವನೇ, "ಏನೇ ಹೊರಗಿನವಳೇ, ನಿನಗೆ ಪರ್ಮಿಟ್ಟಂತೆ, ನನಗಿಲ್ಲವಂತೆ! ನೋಡೇ ಕಾಲ!" ಅಂತ ನಕ್ಕು, ಆ ನಗುಗೇ ಕೆಮ್ಮು ಹತ್ತಿ ನೀಲಿ ಆಗಿಬಿಟ್ಟ. ಹೆಡ್ಲಿ ಮನೆ ಬಾಗಿಲ ಹತ್ರ ತನ್ನ ಬೂಟು ನೋಡಿದ. ಕಾಲು ತೂರಿಸಿ ನೋಡಿದ. ದೊಡ್ಡದಾಗಿತ್ತು.

ಹೆಡ್ಲಿ ತಲೆ ಬಗ್ಗಿಸ್ಕೊಂಡು ಒಲೆ ಹತ್ರ ನಿಂತಿದ್ದ. ಆಲ್ಬನ್ನೇ ಮಾತು ತೆಗೆದ.

"ಆ ಮುಖ ತೆಗೆಯೋ, ನೋಡೋಕಾಗ್ತಿಲ್ಲ. ಬಂದೂಕು ಹಿಡಿಯೋ ಶಕ್ತಿ ನನಗೆಲ್ಲಿದೆ? ನಾನು ಕರೀತೀನಿ, ನೀನು ಹೊಡಿ. ಸಂಜೆ ವಿನ್ನಿ ಅದರ ಗುಂಡಿಗೆ, ಈಲಿ ಈರುಳ್ಳಿ ಹಾಕಿ ಹುರೀತಾಳೆ, ಅಪ್ಪನ ಮೇಜಲ್ಲಿ ಕೂತು ತಿಂತೀನಿ. ಅಷ್ಟು ಸಾಕು ನನಗೆ. ಅಷ್ಟಾದ್ರೂ ಮಾಡ್ತೀಯೋ ಇಲ್ವೋ?"

"ಮಾಡ್ತೀನಿ."

ಮಾಡ್ತೀನಿ ಅಂದ. ನಾನೇ ಕಿವಿಯಾರೆ ಕೇಳಿದೀನಿ.

ಮಾರನೇ ದಿನ ಬೆಳಕು ಹರಿಯೋ ಹೊತ್ತಿಗೆ ಆಲ್ಬನ್‌ನ ಕೌದಿ ಸುತ್ತಿ, ಗಾಡಿ ಹಿಂದಿನ ತೊಟ್ಟೀಲಿ ಮಲಗಿಸ್ಕೊಂಡು ಜೌಗಿಗೆ ಹೋದ್ವಿ. ಹುಲ್ಲಿನ ಮೇಲೆಲ್ಲ ಮಂಜು ಗರಿಗಟ್ಟಿತ್ತು, ಗಾಳಿ ಒಂಚೂರೂ ಇರ್ಲಿಲ್ಲ. ಅವರಪ್ಪನ ಗುಡಿಸಲಿದ್ದ ದಿಬ್ಬದ ಮೇಲೆ ಅವನನ್ನ ಕೂರಿಸಿದ್ವಿ. ಕೊಳವೆ ಕಿತ್ತು ಪಕ್ಕಕ್ಕಿಟ್ಟ. ಬೇಡ ಅಂದ್ರೆ ಕೇಳ್ಬೇಕಲ್ಲ! ಮೂಗು ಹಿಡಿದು ಅಂಗೈ ಬಾಯಿಗಿಟ್ಟ. ಮೊದಲ ಕೂಗು ಅರ್ಧಕ್ಕೇ ಮುರಿದುಬಿತ್ತು. ಉಸಿರು ತಗೊಂಡ, ಇನ್ನೊಂದು ಹಾಕಿದ. ದೇವರೇ, ಅದೇನು ಕೂಗು! ನಾನು ಹೆಡ್ಲಿ ಕೂಗು ಕೇಳ್ಕೊಂಡೇ ಬಂದವಳು, ಅವನು ಎಂಜಲು ತಿಂದೋನು ಅಂತ ಹೇಳ್ತಿದ್ದದ್ದು ಸುಳ್ಳಲ್ಲ ಅಂತ ಆವತ್ತು ಗೊತ್ತಾಯ್ತು. ಹೆಡ್ಲಿ ಕೆನ್ನೆ ಮೇಲೆ ನೀರು ಇಳೀತಿತ್ತು, ಒರೆಸ್ಕೊಳ್ಲಿಲ್ಲ.

ಕಾಡೊಳಗಿಂದ ಗುರ್ ಅಂತ ಉತ್ತರ ಬಂತು. ಕೊಂಬೆ ಮುರೀತು. ಬಂತು ನೋಡಿ, ದೊಡ್ಡ ಗಂಡು, ಎದೆಯುದ್ದ ನೀರಲ್ಲಿ ನಡ್ಕೊಂಡು ನೇರ ನಮ್ಮ ಕಡೆಗೆ. ಕಲ್ಲೆಸೆದ್ರೆ ಬೀಳೋ ದೂರದಲ್ಲಿ ಅಡ್ಡ ನಿಂತ್ಕೊಂತು. ಕಣ್ಣು ಮುಚ್ಚಿ ಹೊಡೆದ್ರೂ ತಪ್ಪೋ ಹಾಗಿರ್ಲಿಲ್ಲ.

ಹೆಡ್ಲಿ ಬಂದೂಕು ಎತ್ತಿದ. ಎತ್ತಿ, ಆಲ್ಬನ್ ಕಡೆ ಚಾಚಿದ. "ತಗೋ."

"ತಲೆ ಕೆಟ್ಟಿದ್ಯಾ?" ಆಲ್ಬನ್ ಪಿಸುಗುಟ್ಟಿದ. "ಸಿಕ್ಕಿಬಿದ್ರೆ ಬಂದೂಕು ಹೋಗುತ್ತೆ, ಗಾಡಿ ಹೋಗುತ್ತೆ, ಇನ್ನು ಜನ್ಮದಲ್ಲಿ ಪರ್ಮಿಟ್ ಇಲ್ಲ ನಿಂಗೆ. ನೀನು ಹೊಡಿ."

"ಅಪ್ಪನ ಜೌಗಲ್ಲಿ ನೀನು ಹೊಡೀಬಾರ್ದು ಅಂದ್ಮೇಲೆ ನಾನೂ ಹೊಡೆಯಲ್ಲ."

"ಹೊಡಿಯೋ ಹೆಡ್ಲಿ!"

"ಇಲ್ಲ."

"ಕೊಡೋ ಇಲ್ಲಿ, ನಂದೂ ಹೆಸರಿದೆ" ಅಂತ ನಾನು ಕೈ ಚಾಚಿದೆ. ಹೊಡೆಯೋಕೆ ಬರುತ್ತೋ ಇಲ್ವೋ, ಆ ಗಳಿಗೆಲಿ ಹೊಡೆದೇಬಿಡ್ತಿದ್ದೆ. ಅವನು ಕೊಡ್ಲಿಲ್ಲ. ಬಂದೂಕು ತೆರೆದು ಗುಂಡನ್ನ ಒಂದೊಂದಾಗಿ ಹೊರಗೆ ತೆಗೆದು ಜೇಬಿಗೆ ಹಾಕ್ಕೊಂಡ. ಆ ಸದ್ದಿಗೆ ಮೂಸ್ ಕಿವಿ ನಿಮಿರಿಸ್ತು, ನಮ್ಮನ್ನೊಂದು ಸಲ ನೋಡ್ತು, ತಿರುಗಿ ಬಂದ ದಾರೀಲೇ ಹೋಯ್ತು. ಅವಸರಾನೂ ಮಾಡ್ಲಿಲ್ಲ.

ಆಲ್ಬನ್‌ಗೆ ಬಂದಂಥ ಸಿಟ್ಟು ನಾನು ಯಾರಲ್ಲೂ ನೋಡಿಲ್ಲ. ಬೈಯೋಕೂ ಉಸಿರು ಸಾಲ್ದು. ನಾನು ಕೊಳವೆ ಸಿಕ್ಕಿಸ್ತಾ ಇದ್ರೆ ಅದನ್ನ ತಳ್ಳಿ ತಳ್ಳಿ, "ನಿನ್ನ ಪಾಪ ತೊಳ್ಕೊಳ್ಳೋಕೆ... ನಾನು... ಬಾಯಿಗೆ ಮಣ್ಣು ಹಾಕ್ಕೋಬೇಕೇನೋ? ನಿಂಗೇನೋ ದೊಡ್ಡ ಮನುಷ್ಯ ಆದ ಹಾಗಾಯ್ತು. ನಾನು ಇಷ್ಟು ದೂರ... ಯಾಕೋ ಬಂದೆ?" ಅಂದ. ಹೆಡ್ಲಿ ಪೆದ್ದನ ಹಾಗೆ ನಿಂತಿದ್ದ. ಅಣ್ಣನ ಜೊತೆ ನಿಂತೆ ಅಂತ ಅಂದ್ಕೊಂಡಿದ್ದ ಪುಣ್ಯಾತ್ಮ. ಅಣ್ಣನಿಗೆ ಬೇಕಿದ್ದದ್ದು ಒಂದು ತಟ್ಟೆ ಈಲಿ.

ಆವತ್ತು ಸಂಜೆ ನಾನು ಅಂಗಡಿಯಿಂದ ತಂದ ಸಾಸೇಜು ಹುರಿದು ಬಡಿಸಿದೆ. ಆಲ್ಬನ್ ಎರಡು ತುತ್ತು ತಿಂದು ತಟ್ಟೆ ಸರಿಸಿದ. ಆಮೇಲೆ ಮಳೆ ಗಾಳಿ ಹಿಡ್ಕೊಂಡು, ಅವನು ಹಾಸಿಗೆ ಬಿಟ್ಟು ಏಳೋ ಹಾಗೇ ಆಗ್ಲಿಲ್ಲ. ವಿಮಾನದ ದಿನ ಬಂತು. ಹೊರಡೋವಾಗ ಹೆಡ್ಲಿ ಚೀಲ ಎತ್ಕೊಂಡ. ಆಲ್ಬನ್ ಬಾಗಿಲಲ್ಲಿ ನಿಂತು, "ಆ ಬೂಟು ಯಾರಿಗಾದ್ರೂ ಕೊಟ್ಬಿಡು" ಅಂದ. ಅವನು ತಮ್ಮನಿಗೆ ಹೇಳಿದ ಕೊನೇ ಮಾತು ಅದು.

ನವೆಂಬರಲ್ಲಿ ಹೆಡ್ಲಿ ಒಬ್ಬನೇ ಹೋಗಿ, ಅಪ್ಪನ ಜೌಗು ಬಿಟ್ಟು, ಕರೆಂಟ್ ಕಂಬದ ದಾರೀಲಿ ಒಂದು ಮೂಸ್ ಹೊಡ್ಕೊಂಡು ಬಂದ. ಒಂದೇ ಗುಂಡು. ತಂದು ನನ್ನ ಮೆಟ್ಟಿಲ ಮೇಲೆ ಇಟ್ಟು, "ಬಾಟಲಿಗೆ ಹಾಕು ಅತ್ತಿಗೆ, ಅವನಿಗೆ ಕಳಿಸ್ಬೇಕು" ಅಂದ. "ಈಗ ಹೊಡೆಯೋಕೆ ಬಂತೇನೋ ನಿಂಗೆ?" ಅಂತ ಕಿರುಚಿದೆ. ಬೈಕೊಂಡೇ ಕತ್ತರಿಸಿದೆ, ಬೈಕೊಂಡೇ ಉಪ್ಪು ಹಂದಿಕೊಬ್ಬು ಹಾಕಿ ಬಾಟಲಿಗೆ ತುಂಬಿ ಕುದಿಸಿದೆ. ಕ್ಲೈಡ್ ಕೆಲಸ ಹುಡುಕ್ಕೊಂಡು ಆಂಟೇರಿಯೊಗೇ ಹೊರಟಿದ್ದ. ಹಲಗೆ ಹೊಡೆದ ಕ್ಯಾಂಪನ್ನ ಯಾರು ಕೊಳ್ತಾರೆ? ಬಾಟಲಿಗಳನ್ನ ಅವನೇ ಬಟ್ಟೆಲಿ ಸುತ್ತಿ ತಗೊಂಡು ಹೋದ. ಇನ್ನು ನಮ್ಮೋರಿಗೆ ಸಿಕ್ಕಿದ್ದೇನು ಅಂತೀರಾ? ಮೂಸ್ ಇನ್ನೂ ಕಮ್ಮಿ ಆಗಿದಾವೆ ಅಂತ, ಆಮೇಲೆ ನಮಗೂ ಪರ್ಮಿಟ್ ಅರ್ಧ ಮಾಡಿದ್ರು.

ಫೆಬ್ರವರಿಲಿ ಒಂದಿನ ಮಧ್ಯಾಹ್ನ ಜಾಯ್ಸ್ ಫೋನ್ ಬಂತು. ಮಾತಾಡಿ ಇಟ್ಟು, ಕೋಟೂ ಹಾಕ್ಕೊಳ್ಳದೆ ಹೆಡ್ಲಿ ಮನೆಗೆ ಹೋದೆ. ಹಿತ್ತಲಲ್ಲಿ ಸೌದೆ ಸೀಳ್ತಿದ್ದ. ಬಾಗಿಲ ಹತ್ರ ಆ ಬೂಟು ಇದ್ದಲ್ಲೇ ಇತ್ತು, ಆಗಷ್ಟೇ ಎಣ್ಣೆ ಸವರಿ ಇಟ್ಟಿದ್ದ.

"ಜಾಯ್ಸ್ ಫೋನ್ ಮಾಡಿದ್ಲು" ಅಂದೆ.

"ಬಾಟಲಿ ತೆಗೆದ್ರಾ? ತಿಂದ್ನಾ?"

ಏನು ಹೇಳ್ಬೇಕೋ ಅದು ಬಾಯಿಗೆ ಬರ್ಲೇ ಇಲ್ಲ, ಬೇರೆಯದೇ ಬಂತು. "ನುಂಗೋಕೆ ಆಗ್ತಿರ್ಲಿಲ್ಲ ಅವನಿಗೆ. ಜಾಯ್ಸ್ ಮುಚ್ಚಳ ತೆಗೆದು ಮುಖದ ಹತ್ರ ಹಿಡಿದಳಂತೆ, ವಾಸನೆ ನೋಡ್ಲಿ ಅಂತ. ತುಂಬಾ ಹೊತ್ತು ನೋಡಿದನಂತೆ. ಯಾರು ಹೊಡೆದದ್ದು ಅಂದನಂತೆ. ಹೆಡ್ಲಿ ಅಂತ ಇವಳು ಅಂದಳಂತೆ."

"ಅದಕ್ಕೆ?"

"ಮತ್ತೆ ಆವತ್ತು ಯಾಕೆ ಹೊಡೀಲಿಲ್ಲ, ಕೇಳು ಅವನನ್ನ, ಅಂದನಂತೆ."

ಹೆಡ್ಲಿ ಕೊಡಲಿಯನ್ನ ಕೊರಡಿಗೆ ಒರಗಿಸಿದ. ಕೈಗವಸು ಬಿಚ್ಚಿದ, ಮತ್ತೆ ಹಾಕ್ಕೊಂಡ.

"ತಪ್ಪಾಯ್ತು ಅಂತ ಹೇಳು ಅತ್ತಿಗೆ. ಫೋನ್ ಮಾಡಿ ಹೇಳು. ಮುಂದಿನ ಸೆಪ್ಟೆಂಬರಿಗೆ ಬರ್ಲಿ, ಹೊಡೀತೀನಿ, ಒಂದು ಮಾತೂ ಆಡದೆ ಹೊಡೀತೀನಿ ಅಂತ ಹೇಳು."

"ಯಾರಿಗೆ ಹೇಳ್ಲೋ ಹೆಡ್ಲಿ?" ಅಂದೆ. "ಬೆಳಿಗ್ಗೆನೇ ಹೋಗ್ಬಿಟ್ಟ."

ಅವನು ಬಗ್ಗಿ ಮುಂದಿನ ಕೊರಡನ್ನ ತಗೊಂಡು ನೆಟ್ಟಗೆ ನಿಲ್ಲಿಸಿದ. ಕೊಡಲಿ ಮುಟ್ಟಲಿಲ್ಲ.